ಚಾಡ್ ದೇಶದ ನರ್ಸಮ್ಮ

ನಾನು ಚಾಡ್ ದೇಶವಾಗಿದ್ದು ನನ್ನ ಇಂಗ್ಲಿಷಿನ ದೆಸೆಯಿಂದ. ಕೋಲಾರದ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ಓದುತ್ತಿದ್ದೆ. ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರಿಗೆ ಆ ವರ್ಷ ವಿಶ್ವಸಂಸ್ಥೆಯ ಮಾದರಿಯಲ್ಲಿ ಅಣಕು ವಿಶ್ವಸಭೆ ನಡೆಸುವ ಹುಚ್ಚು ಹತ್ತಿತು. ಒಬ್ಬೊಬ್ಬ ವಿದ್ಯಾರ್ಥಿಯೂ ಒಂದೊಂದು ದೇಶದ ರಾಯಭಾರಿಯಾಗಿ ನಿಂತು ಮಾತಾಡಬೇಕು, ಜಗಳವಾಡಬೇಕು, ಕೊನೆಗೆ ಎಲ್ಲರೂ ಸೇರಿ ಒಂದು ನಿರ್ಣಯಕ್ಕೆ ಕೈಯೆತ್ತಬೇಕು. ವಿಷಯ, ಜಗತ್ತಿನ ಆರೋಗ್ಯದ ಅಸಮಾನತೆ ಮತ್ತು ಅದಕ್ಕೆ ಪರಿಹಾರ. ಮೇಷ್ಟ್ರು ದಿನಾ ಮಾಲೂರಿನಿಂದ ಬಸ್ಸು ಹತ್ತಿ ಬರುವವರು. ಬಸ್ಸಿನಲ್ಲಿ ಸೀಟು ಸಿಕ್ಕದ ದಿನ ಅವರಿಗೆ ಜಗತ್ತಿನ ಎಲ್ಲ ಅಸಮಾನತೆಗಳೂ ಒಟ್ಟಿಗೇ ನೆನಪಾಗುತ್ತಿದ್ದವು.

ದೇಶ ಹಂಚುವ ದಿನ ಅವರು ಬಹಳ ಸರಳವಾದ ಉಪಾಯ ಹೂಡಿದರು. ಇಂಗ್ಲಿಷ್ ಚೆನ್ನಾಗಿ ಬರುವವರಿಗೆ ಶ್ರೀಮಂತ ದೇಶ, ಸುಮಾರಾಗಿ ಬರುವವರಿಗೆ ನಡುವಿನ ದೇಶ, ನನ್ನಂಥವರಿಗೆ ಉಳಿದದ್ದು. ಕಾನ್ವೆಂಟಿನಲ್ಲಿ ಓದಿದ್ದ ನನ್ನ ಗೆಳತಿ ಒಂದೇ ಏಟಿಗೆ ಸ್ವಿಟ್ಜರ್‌ಲೆಂಡ್ ಆದಳು. ನನ್ನ ಸರದಿ ಬರುವ ಹೊತ್ತಿಗೆ ಭೂಪಟದ ಮೇಲೆ ಮೇಷ್ಟ್ರ ಬೆರಳು ಆಫ್ರಿಕಾದ ಮರುಭೂಮಿಯಲ್ಲಿ ಓಡಾಡುತ್ತಿತ್ತು.

"ಸರ್, ಇದೇನ್ ಸರ್, ಅಸಮಾನತೆ ಬಗ್ಗೆ ಸಭೆ ಮಾಡೋಕೆ ಮುಂಚೆನೇ ಅಸಮಾನತೆ ಶುರುವಾಯ್ತಲ್ಲ?" ಎಂದೆ.

"ಅದಕ್ಕೇ ರಿಯಲಿಸಂ ಅನ್ನೋದು ಕಣಮ್ಮ. ಪರೀಕ್ಷೆಗೂ ಬರುತ್ತೆ, ಬರ್ಕೋ" ಎಂದರು.

ಸಮಾಧಾನಕ್ಕೆ ಒಂದು ರಿಯಾಯಿತಿ ಕೊಟ್ಟರು. ನಿಜವಾದ ವಿಶ್ವಸಭೆಯಲ್ಲಿ ಪ್ರತಿಯೊಬ್ಬರ ಕಿವಿಯಲ್ಲೂ ಅನುವಾದದ ಯಂತ್ರ ಇರುತ್ತದಂತೆ. ನಮ್ಮ ಕಿವಿಯಲ್ಲೂ ಅದು ಇದೆಯೆಂದು ಭಾವಿಸಿಕೊಂಡು, ಬೇಕಾದವರು ಕನ್ನಡದಲ್ಲೇ ಮಾತಾಡಬಹುದು ಎಂದರು. ಭಾವಿಸಿಕೊಳ್ಳುವುದರಲ್ಲಿ ನಾವು ಯಾರಿಗೂ ಕಡಿಮೆಯಿರಲಿಲ್ಲ.

ಮನೆಯಲ್ಲಿ ಆಗ ಇದಕ್ಕಿಂತ ದೊಡ್ಡ ಚಿಂತೆಯಿತ್ತು. ನಮ್ಮೂರು ಮುಳಬಾಗಿಲು ತಾಲ್ಲೂಕಿನಲ್ಲಿ, ಕುರುಡುಮಲೆಯಿಂದಲೂ ಒಳಕ್ಕೆ, ಶ್ರೀನಿವಾಸಪುರ ತಾಲ್ಲೂಕಿನ ಗಡಿಗೆ ಹತ್ತಿರ. ಹುತ್ತೂರಿಗೆ ಕೊಟ್ಟಿದ್ದ ನಮ್ಮಕ್ಕ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಎಂಟನೇ ತಿಂಗಳು. ಹಿಂದಿನ ಸಲ ನೋಡಿದ್ದ ಡಾಕ್ಟರು, ಬಿಪಿ ಸ್ವಲ್ಪ ಜಾಸ್ತಿ ಇದೆ, ವಾರವಾರವೂ ನೋಡಿಸುತ್ತಿರಿ ಎಂದಿದ್ದರು. ನೋಡಿಸುವುದು ಯಾರ ಹತ್ತಿರ? ಊರಲ್ಲಿ ಆರೋಗ್ಯ ಉಪಕೇಂದ್ರ ಇತ್ತು, ಅದಕ್ಕೆ ಹಸಿರು ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು. ನರ್ಸಮ್ಮ ಮಾತ್ರ ಇರಲಿಲ್ಲ. ಹುದ್ದೆ ನಮ್ಮೂರಿನದು, ಸಂಬಳ ನಮ್ಮೂರಿನ ಲೆಕ್ಕದಲ್ಲಿ, ಕೆಲಸ ಶ್ರೀನಿವಾಸಪುರದ ಕಡೆಯ ಯಾವುದೋ ಹಳ್ಳಿಯಲ್ಲಿ. ಡೆಪ್ಯುಟೇಷನ್ ಅಂತೆ. ಆ ಕಡೆಯ ದೊಡ್ಡವರು ಯಾರೋ ಮೇಲಿನವರಿಗೆ ಫೋನ್ ಮಾಡಿ ಕರೆಸಿಕೊಂಡರಂತೆ. ನಮ್ಮೂರಿನಲ್ಲಿ ಫೋನ್ ಎಲ್ಲರ ಹತ್ತಿರವೂ ಇತ್ತು, ಮೇಲಿನವರು ಎತ್ತುವ ಫೋನ್ ಯಾರ ಹತ್ತಿರವೂ ಇರಲಿಲ್ಲ.

ಮುಳಬಾಗಿಲಿಗೆ ಕರೆದುಕೊಂಡು ಹೋದರಾಯಿತಲ್ಲ ಎಂದು ಕೇಳಬಹುದು. ರೇಷ್ಮೆ ಹುಳು ಸಾಕದವರು ಕೇಳುವ ಪ್ರಶ್ನೆ ಅದು. ನಮ್ಮ ಮನೆಯಲ್ಲಿ ಹೊತ್ತುಹೊತ್ತಿಗೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಬೀಳಬೇಕು. ಹುಳು ಪೊರೆ ಬಿಡುವ ಮುಂಚೆ ತಿನ್ನದೆ ತಲೆಯೆತ್ತಿಕೊಂಡು ಕೂರುತ್ತದೆ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಮನುಷ್ಯರ ಜ್ವರಕ್ಕೆ ಅಪ್ಪ ಒಂದು ಮಾತ್ರೆ ನುಂಗಿ ಹೊಲಕ್ಕೆ ಹೋಗುತ್ತಿದ್ದರು, ಹುಳುವಿನ ಜ್ವರಕ್ಕೆ ರಾತ್ರಿ ನಿದ್ದೆಗೆಡುತ್ತಿದ್ದರು. ಅಕ್ಕನ ಕಾಲು ಊದಿಕೊಂಡಿರುವುದನ್ನು ನಾನು ತೋರಿಸಿದರೆ ಅಮ್ಮ ಸೊಪ್ಪು ಹೆಚ್ಚುತ್ತಲೇ ಹೇಳುತ್ತಿದ್ದಳು, "ಬಸ್ರೀಲಿ ಕಾಲು ಊದದೆ ಇನ್ನೇನ್ ಮೂಗು ಊದ್ತದಾ? ನೀವಿಬ್ರೂ ಹೊಟ್ಟೇಲಿದ್ದಾಗ ನಂಗೂ ಊದಿತ್ತು. ಹುಳ ಹಣ್ಣಾಗ್ಲಿ, ಆಮೇಲ್ ಕರ್ಕೊಂಡು ಹೋಗಾಣ."

ಅಕ್ಕನದೂ ಅದೇ ರಾಗ. ತಲೆನೋವು ಎನ್ನುತ್ತಿದ್ದಳು, ಆಸ್ಪತ್ರೆ ಎಂದರೆ ತಲೆನೋವು ಹೋಯಿತು ಎನ್ನುತ್ತಿದ್ದಳು. ನನಗೆ ಇವರೆಲ್ಲರ ಮೇಲೂ ಕೋಪ. ಎಲ್ಲರಿಗಿಂತ ಹೆಚ್ಚಾಗಿ ನಮ್ಮ ನರ್ಸಮ್ಮನನ್ನು ಹೊತ್ತೊಯ್ದ ಆ ಕಾಣದ ದೊಡ್ಡವರ ಮೇಲೆ.

ಸಭೆಯ ಹಿಂದಿನ ದಿನದವರೆಗೂ ಚಾಡ್ ದೇಶದ ಬಗ್ಗೆ ನಾನು ಓದಿದ್ದು, ಅದಕ್ಕೆ ಸಮುದ್ರವಿಲ್ಲ ಅನ್ನುವುದೊಂದೇ. ನಮ್ಮ ಜಿಲ್ಲೆಗೂ ಇಲ್ಲ. ಆ ಒಂದು ಹೋಲಿಕೆ ನನಗೆ ಸಾಕಾಯಿತು. ಸೊಪ್ಪು ಹೆಚ್ಚುವ ಬಿಡುವಿನಲ್ಲಿ ನಮ್ಮೂರಿನ ಕಥೆಯನ್ನು ಸಾಲಾಗಿ ಬರೆದು, ಎಲ್ಲೆಲ್ಲಿ ನಮ್ಮೂರು ಎಂದಿತ್ತೋ ಅಲ್ಲೆಲ್ಲ ಚಾಡ್ ಎಂದು ಹಾಕಿದೆ. ಅಮ್ಮನ ಮುಂದೆ ಓದಿ ಅಭ್ಯಾಸ ಮಾಡಿದೆ. ಅಮ್ಮ ಕತ್ತಿ ನಿಲ್ಲಿಸಿ ಕೇಳಿದಳು.

"ಅಷ್ಟ್ ದೂರದ ದೇಶದಾಗೂ ಬಾಗ್ಲಿಗೆ ಬೀಗ ಹಾಕವ್ರಾ?"

"ಹಾಕವ್ರಮ್ಮ."

"ಅಲ್ಲಿ ನರ್ಸಮ್ಮನ್ನೂ ಬೇರೆಯವ್ರು ಕರ್ಕೊಂಡೋಗವ್ರಾ?"

"ಹೂಂ."

"ಅಯ್ಯೋ ಪಾಪ, ಆ ಜನ ಹೆಂಗ್ ಬದುಕ್ತಾರೋ" ಎಂದು ಅಮ್ಮ ಲೊಚಗುಟ್ಟಿದಳು. ಒಳಬಾಗಿಲಲ್ಲಿ ಕೂತಿದ್ದ ಅಕ್ಕ ನಕ್ಕಳು. ನಗುವಾಗ ಒಂದು ಕೈಯಿಂದ ಹಣೆ ಒತ್ತಿಕೊಂಡಿದ್ದಳು. ಅದನ್ನು ನೋಡುತ್ತ, ಮತ್ತೆ ಹೆಚ್ಚಲು ಹಿಡಿದಿದ್ದ ಸೊಪ್ಪಿನ ಮೇಲೆ ನನ್ನ ಗಮನ ತಪ್ಪಿ ಕತ್ತಿ ತೋರುಬೆರಳಿಗೆ ತಾಗಿತು.

ಸಭೆಯ ದಿನ ಕಾಲೇಜಿನ ಸಭಾಂಗಣ ಗುರುತು ಸಿಗದ ಹಾಗಿತ್ತು. ಹಳೆಯ ಕರೆಯೋಲೆಗಳ ಹಿಂಭಾಗದಲ್ಲಿ ದೇಶಗಳ ಹೆಸರು ಬರೆದು ಮೇಜಿನ ಮೇಲೆ ನಿಲ್ಲಿಸಿದ್ದರು. ಚಾಡ್ ದೇಶವನ್ನು ತಿರುಗಿಸಿದರೆ ಯಾರದೋ ಗೃಹಪ್ರವೇಶವಿತ್ತು. ಮೇಷ್ಟ್ರು ಕೋಟು ಹಾಕಿ, ಕೋಟಿಗೆ ಮಾಲೂರಿನ ಗುಲಾಬಿ ಸಿಕ್ಕಿಸಿಕೊಂಡು ಅಧ್ಯಕ್ಷ ಪೀಠದಲ್ಲಿ ಕೂತಿದ್ದರು. ಅತಿಥಿಯಾಗಿ ಬಂದ ನಿವೃತ್ತ ಪ್ರಾಂಶುಪಾಲರೊಬ್ಬರು ಪಕ್ಕದಲ್ಲಿದ್ದರು.

ನನ್ನ ಸರದಿ ಬಂದಾಗ ಎದ್ದು ನಿಂತೆ. "ಗೌರವಾನ್ವಿತ ಅಧ್ಯಕ್ಷರೇ, ನಮ್ಮ ದೇಶದ ಹಳ್ಳಿಯಲ್ಲಿ ಆರೋಗ್ಯ ಕೇಂದ್ರವಿದೆ, ಅದಕ್ಕೆ ಹಸಿರು ಬಾಗಿಲಿದೆ, ಬಾಗಿಲಿಗೆ ಬೀಗವಿದೆ. ನಾವು ಸಾಕಿದ, ನಾವು ಓದಿಸಿದ ನರ್ಸುಗಳನ್ನು ಶ್ರೀಮಂತ ದೇಶಗಳು ಒಂದು ಫೋನ್ ಮಾಡಿ ಕರೆಸಿಕೊಳ್ಳುತ್ತವೆ. ನಮ್ಮ ಹೆಣ್ಣುಮಕ್ಕಳು ಊದಿದ ಕಾಲಿಟ್ಟುಕೊಂಡು ಬಾಗಿಲು ಕಾಯುತ್ತಾರೆ" ಎಂದು ಶುರುಮಾಡಿದೆ. ಮಾತು ಹರಿಯತೊಡಗಿತು. ನಾನು ನಟಿಸುತ್ತಲೇ ಇರಲಿಲ್ಲ, ಅದಕ್ಕೇ ಇರಬೇಕು. ಪ್ರಾಂಶುಪಾಲರು ಕಣ್ಣು ಮುಚ್ಚಿ ತಲೆದೂಗಿದರು. ಆಮೇಲೆ ಮೈಕಿನಲ್ಲಿ, ಆಫ್ರಿಕಾದ ಬಗ್ಗೆ ಇಷ್ಟು ಆಳವಾದ ಅಧ್ಯಯನವನ್ನು ಈ ವಯಸ್ಸಿನಲ್ಲಿ ತಾವು ಕಂಡಿಲ್ಲ ಎಂದರು.

ಉತ್ತರ ಕೊಡಲು ಸ್ವಿಟ್ಜರ್‌ಲೆಂಡ್ ಎದ್ದಳು. ಅವಳೂ ಏನೂ ಓದಿಕೊಂಡು ಬಂದಿಲ್ಲ ಎನ್ನುವುದು ಅವಳ ಮುಖ ನೋಡಿದರೇ ನನಗೆ ಗೊತ್ತಾಯಿತು. ಮೊದಲೆರಡು ಸಾಲು ಇಂಗ್ಲಿಷಿನಲ್ಲಿ ಹೇಳಿ ಕನ್ನಡಕ್ಕೆ ಇಳಿದಳು.

"ಚಾಡ್ ದೇಶದವರು ಸುಮ್ಮನೆ ಆರೋಪ ಮಾಡುತ್ತಿದ್ದಾರೆ. ನಮ್ಮ ದೇಶದಲ್ಲೂ ವಯಸ್ಸಾದವರಿದ್ದಾರೆ, ಅವರಿಗೂ ಬಿಪಿ, ಶುಗರ್ ಇದೆ. ನಮ್ಮ ಹಳ್ಳಿಗೆ ಹೊರಗಿನಿಂದ ಒಬ್ಬರು ನರ್ಸ್ ಬಂದಿದ್ದಾರೆ. ಬಹಳ ಒಳ್ಳೆಯವರು. ದಿನಾ ಬೆಳಿಗ್ಗೆ ನೇರಳೆ ಬಣ್ಣದ ಸ್ಕೂಟರಿನಲ್ಲಿ ಬರುತ್ತಾರೆ. ಬಿಪಿ ನೋಡುವ ಯಂತ್ರವನ್ನು ಊಟದ ಬುತ್ತಿ ಚೀಲದಲ್ಲೇ ಇಟ್ಟುಕೊಂಡಿರುತ್ತಾರೆ, ಒಂದೊಂದು ಸಲ ಅದಕ್ಕೆ ಉಪ್ಪಿನಕಾಯಿ ವಾಸನೆ ಬರುತ್ತದೆ. ಬಂದವರೇ ಮೊದಲು ನಮ್ಮ ತಾತನ, ಅಂದರೆ ನಮ್ಮ ಹಿರಿಯ ನಾಗರಿಕರ, ಬಿಪಿ ನೋಡುತ್ತಾರೆ."

ನನ್ನ ಕಿವಿ ಬಿಸಿಯಾಯಿತು. ನೇರಳೆ ಸ್ಕೂಟರ್ ಯಾರದಾದರೂ ಇರಬಹುದು. ಬುತ್ತಿ ಚೀಲದಲ್ಲಿ ಬಿಪಿ ಯಂತ್ರ, ಅದಕ್ಕೆ ಉಪ್ಪಿನಕಾಯಿ ವಾಸನೆ, ಇದು ಜಗತ್ತಿನಲ್ಲಿ ಒಬ್ಬರದೇ. ಹಿಂದೆ ನಮ್ಮೂರಿನಲ್ಲೇ ಆ ಬಿಪಿ ಪಟ್ಟಿಯನ್ನು ನಾನೇ ತೋಳಿಗೆ ಕಟ್ಟಿಸಿಕೊಂಡು ಮೂಸಿದ್ದೆ.

ಕುರ್ಚಿ ಹಿಂದಕ್ಕೆ ಬಿದ್ದದ್ದೂ ಗೊತ್ತಾಗದೆ ಎದ್ದು, "ಏಯ್, ಆ ನರ್ಸಮ್ಮ ನಮ್ಮೋರು ಕಣೇ!" ಎಂದು ಕೂಗಿದೆ.

ಸಭೆ ಒಂದು ಕ್ಷಣ ದಂಗಾಗಿ, ಆಮೇಲೆ ಚಪ್ಪಾಳೆ ತಟ್ಟಿತು. ಎಂಥ ವಾದ, ಎಂಥ ಆವೇಶ ಎಂದು ಜಪಾನ್ ದೇಶ ಬ್ರೆಜಿಲ್ ದೇಶಕ್ಕೆ ಹೇಳಿತು. ಮೇಷ್ಟ್ರು ಮೇಜು ಕುಟ್ಟಿ, "ಚಾಡ್, ಸಂಯಮ! ರಾಯಭಾರಿಗಳು ಕಣೇ ಅನ್ನಬಾರದು" ಎಂದರು. ಗೆಳತಿ ಮಾತ್ರ ಬೆಪ್ಪಾಗಿ ನನ್ನನ್ನೇ ನೋಡುತ್ತಿದ್ದಳು.

ಅನೌಪಚಾರಿಕ ಚರ್ಚೆಗೆಂದು ಬಿಡುವು ಕೊಟ್ಟಾಗ ಅವಳನ್ನು ಕಾರಿಡಾರಿನ ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದುಕೊಂಡು ಹೋದೆ.

"ನಿಮ್ಮ ತಾತನೇನೇ ಫೋನ್ ಮಾಡ್ಸಿದ್ದು?"

"ನಂಗೇನ್ ಗೊತ್ತು? ತಾತ ಹೋದ್ ವರ್ಷ ತಲೆ ಸುತ್ತಿ ಮಾವಿನ ಮಂಡಿಯಲ್ಲೇ ಬಿದ್ದ್ರು. ಆಮೇಲೆ ನರ್ಸಮ್ಮ ಬರೋಕೆ ಶುರುವಾದ್ರು. ಸರ್ಕಾರ ಕಳ್ಸಿರಬೇಕು ಅಂದ್ಕೊಂಡಿದ್ದೆ."

"ಸರ್ಕಾರ ಕಳ್ಸಿದ್ದು ನಮ್ಮೂರಿಗೆ! ನಮ್ಮಕ್ಕನ ಕಾಲು ನೋಡಿದೀಯಾ ನೀನು?"

"ನನ್ ಮೇಲ್ಯಾಕೆ ಎಗರಾಡ್ತೀಯ? ನಾನೇನ್ ಎತ್ಕೊಂಡ್ ಬಂದ್ನಾ? ತಾತನ್ನ ಕೇಳು ಬಾ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ನನ್ನದು ಸಿಟ್ಟಿನದು.

ಮಧ್ಯಾಹ್ನ ನಿರ್ಣಯ ಭಾರೀ ಬಹುಮತದಿಂದ ಪಾಸಾಯಿತು. ಶ್ರೀಮಂತ ದೇಶಗಳು ಬಡದೇಶಗಳ ಆರೋಗ್ಯ ಕಾರ್ಯಕರ್ತರನ್ನು ಹಂತಹಂತವಾಗಿ ಹಿಂದಿರುಗಿಸತಕ್ಕದ್ದು ಎಂದು ಜಗತ್ತೇ ಒಪ್ಪಿತು. ಸ್ವಿಟ್ಜರ್‌ಲೆಂಡ್ ಎಲ್ಲರಿಗಿಂತ ಮೊದಲು ಕೈಯೆತ್ತಿದಳು. ನನಗೂ ಅವಳಿಗೂ ಶ್ರೇಷ್ಠ ರಾಯಭಾರಿ ಎಂದು ಒಂದೊಂದು ಪ್ಲಾಸ್ಟಿಕ್ ಕಪ್ಪು ಸಿಕ್ಕಿತು. ಎಲ್ಲರೂ ಪುಳಿಯೋಗರೆ ತಿಂದರು. ನರ್ಸಮ್ಮ ಇದ್ದಲ್ಲಿಂದ ಒಂದಂಗುಲವೂ ಅಲುಗಲಿಲ್ಲ. ಮನೆಗೆ ಬಂದು ಕಪ್ಪು ತೋರಿಸಿದೆ. ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹುಳು ಬಿಡುವಾಗ, ಮೇವು ಬಿಟ್ಟು ಮಾಗಿದ ಹಣ್ಣು ಹುಳು ಆಯ್ದು ಹಾಕಿಕೊಳ್ಳಲು ಆಗುತ್ತದೆ ಎಂದು ಅಮ್ಮ ಅದನ್ನು ಒಳಗಿಟ್ಟಳು.

ಆ ಶನಿವಾರ ಗೆಳತಿಯ ಜೊತೆ ಶ್ರೀನಿವಾಸಪುರಕ್ಕೆ, ಅವಳ ತಾತನ ಮಾವಿನ ಮಂಡಿಗೆ ಹೋದೆ. ಮಾವಿನ ಸುಗ್ಗಿ. ಊರಿಗೆ ಇನ್ನೂ ಬಸ್ಸು ಮುಟ್ಟುವ ಮೊದಲೇ ಹಣ್ಣಿನ ವಾಸನೆ ಕಿಟಕಿಯಲ್ಲಿ ಬಂತು. ಮಂಡಿಯ ತುಂಬ ಬೇನಿಷಾ, ಬಾದಾಮಿ, ತೋತಾಪುರಿ ರಾಶಿ, ಟ್ರಾಕ್ಟರು, ಹುಲ್ಲು, ನೊಣ. ತಾತ ತಮ್ಮ ಮಂಡಿಯ ಕಟ್ಟೆಯ ಮೇಲೆ ಬಿಳಿ ಪಂಚೆಯಲ್ಲಿ ಕೂತಿದ್ದರು, ಹೆಗಲ ಮೇಲೆ ಕೆಂಪು ಅಂಚಿನ ಟವೆಲ್. ನಾನು ಎಷ್ಟೋ ದಿನದಿಂದ ಮನಸ್ಸಿನಲ್ಲಿ ಬೈದಿದ್ದ ಮನುಷ್ಯ ನೋಡಿದರೆ ಬಡಕಲು ಮುದುಕ. ನನ್ನನ್ನು ಕಂಡ ತಕ್ಷಣ, "ರಾಮ್ಮಾ, ರಾ. ಹಣ್ಣು ತಿಂತೀಯಾ?" ಎಂದು ಆ ಕಡೆಯ ತೆಲುಗು ಬೆರೆಸಿ ಕರೆದು, ಕುಯ್ಯಲು ಚಾಕು ಹುಡುಕಿದರು. ಬೈಯಲು ಬಂದವಳಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ.

ಆದರೂ ಶುರುಮಾಡಿದೆ. "ತಾತಾ, ನಮ್ಮೂರಿನ ನರ್ಸಮ್ಮ..."

ತಾತ ಸರಕ್ಕನೆ ಸುತ್ತ ನೋಡಿದರು. ವ್ಯಾಪಾರಿಗಳು, ತೋಟದವರು, ಹಮಾಲಿಗಳು, ಎಲ್ಲರ ಕಿವಿಯೂ ಅಲ್ಲೇ ಇತ್ತು. "ಶ್! ಸರ್ಕಾರದೋರ ವಿಷ್ಯ ಬಾಯಲ್ಲಿ ಮಾತಾಡೋದಾ ತಲ್ಲೀ?" ಎನ್ನುತ್ತ ಹೆಗಲಿನ ಟವೆಲ್ ತೆಗೆದು ತಮ್ಮ ಬಲಗೈ ಮೇಲೆ ಹೊದಿಸಿ ನನ್ನ ಕಡೆ ಚಾಚಿದರು.

ಈಗ ಮಂಡಿಗಳಲ್ಲಿ ದರ ಕೂಗುತ್ತಾರೆ, ಮೊಬೈಲಿನಲ್ಲಿ ನೋಡುತ್ತಾರೆ. ಹಳಬರು ಮಾತ್ರ ಇನ್ನೂ ಟವೆಲ್ ಬಿಟ್ಟಿಲ್ಲ. ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ದರ ಹೇಳುತ್ತಾರೆ. ಸುತ್ತ ನಿಂತವರಿಗೆ ಇಬ್ಬರ ಮುಖ ಕಾಣುತ್ತದೆ, ದರ ಕಾಣುವುದಿಲ್ಲ. ಗೆಳತಿ ನನ್ನ ಕಿವಿಯಲ್ಲಿ, "ಒಂದ್ ಬೆರಳು ಅಂದ್ರೆ ವಾರಕ್ಕೆ ಒಂದು ದಿನ ಅಂತ ಇಟ್ಕೋ. ಬೇಕಾದಷ್ಟು ಹಿಡ್ಕೊಂಡು ಒತ್ತು. ಒಪ್ಪಿಗೆ ಆಗೋ ತನಕ..." ಎನ್ನುವಷ್ಟರಲ್ಲಿ ಯಾರೋ ತಕ್ಕಡಿಯ ಹತ್ತಿರ ಅವಳನ್ನು ಕೂಗಿದರು. ಅವಳು ಓಡಿದಳು. ಜಗತ್ತಿನ ಎಲ್ಲ ಒಪ್ಪಂದಗಳಲ್ಲೂ ಮುಖ್ಯವಾದ ಸಾಲು ಇಂಥ ಹೊತ್ತಿನಲ್ಲೇ ಕಳೆದುಹೋಗುತ್ತದೆ ಎಂದು ಈಗ ಅನ್ನಿಸುತ್ತದೆ.

ಹೆಂಗಸೊಬ್ಬಳು ಟವೆಲ್ಲಿನ ಕೆಳಗೆ ಕೈ ಹಾಕಿದ್ದು ನೋಡಿ ಸುತ್ತಲಿನವರು ಕೆಲಸ ಬಿಟ್ಟು ನಿಂತರು. ನಾನು ತಾತನ ಐದೂ ಬೆರಳು ಒಟ್ಟಿಗೆ ಹಿಡಿದು ಹಿಂಡಿದೆ. ತಾತ ಹುಬ್ಬೇರಿಸಿ, ನನ್ನ ಬೆರಳುಗಳನ್ನೆಲ್ಲ ಬಿಡಿಸಿಕೊಂಡು, ಕಿರುಬೆರಳೊಂದನ್ನೇ ಮುಟ್ಟಿದರು. ನಾನು ತಲೆ ಅಲ್ಲಾಡಿಸಿ ನಾಲ್ಕು ಹಿಡಿದೆ. ಅವರು ಮತ್ತೆ ಒಂದು. ನಾನು ಮೂರಕ್ಕಿಳಿದು ಅಲ್ಲೇ ಕಚ್ಚಿಕೊಂಡು ನಿಂತೆ. ತಾತ ಯೋಚಿಸಿದರು. ಅವರ ಮುಖ ಸಡಿಲವಾಗುತ್ತಿತ್ತು, ಎರಡನೇ ಬೆರಳು ನನ್ನ ಅಂಗೈಯಲ್ಲಿ ನಿಧಾನವಾಗಿ ಚಾಚಿಕೊಳ್ಳುತ್ತಿತ್ತು, ಅದು ನನಗೆ ಇವತ್ತಿಗೂ ಸ್ಪಷ್ಟವಾಗಿ ನೆನಪಿದೆ. ಅದೇ ಹೊತ್ತಿಗೆ ಅವರ ಕೈಗೆ ಮೆತ್ತಿಕೊಂಡಿದ್ದ ಮಾವಿನ ಸೊನೆ, ಸೊಪ್ಪು ಹೆಚ್ಚುವಾಗ ಕೊಯ್ದುಕೊಂಡಿದ್ದ ನನ್ನ ತೋರುಬೆರಳಿನ ಗಾಯಕ್ಕೆ ತಾಗಿತು. ಮಾವಿನ ಸೊನೆ ಗಾಯಕ್ಕೆ ತಾಗಿದರೆ ಹೇಗಿರುತ್ತದೆ ಎಂದು ಬರೆದು ತಿಳಿಸಲಾಗದು. "ಅಮ್ಮಾ!" ಎಂದು ಚೀರಿ ಕೈ ಹೊರಗೆಳೆದುಕೊಂಡೆ.

ಸುತ್ತ ನಿಂತಿದ್ದವರು "ಆಯ್ತು, ಆಯ್ತು" ಎಂದು ಚದುರಿದರು. ತಾತ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಏಮ್ಮಾ, ಇಷ್ಟ್ ಬೇಗ ಕೈ ತೆಗೆದ್‌ಬಿಟ್ಟೆ? ನಾನು ಎರಡಕ್ಕೆ ಬರ್ತಿದ್ದೆ. ಸರೇಲೇ, ಅಯಿಪೋಯಿಂದಿ."

ಮುಗಿಯಿತು ಎಂದರ್ಥ. ಈ ಮಂಡಿಯಲ್ಲಿ ಕೈ ಹೊರಗೆ ತೆಗೆದವರು ಎದುರಿನವರು ಕೊನೆಗೆ ಹೇಳಿದ ದರಕ್ಕೆ ಒಪ್ಪಿದಂತೆ. ಒಪ್ಪಿದ ಮೇಲೆ ಬದಲಾವಣೆಯಿಲ್ಲ, ಅಪ್ಪನಾದರೂ ಇಲ್ಲ, ಮಗನಾದರೂ ಇಲ್ಲ. ನಾನು ಗಾಯ ತೋರಿಸಿದೆ, ಸೊನೆ ತೋರಿಸಿದೆ, ರೇಷ್ಮೆ ಹುಳುವಿನಿಂದ ಶುರುಮಾಡಿ ಎಲ್ಲ ಹೇಳಿದೆ. ತಾತ ಬೆರಳಿಗೆ ನೀರು ಹಾಕಿಸಿದರು, ತಾವೇ ಬಟ್ಟೆ ಸುತ್ತಿದರು, ಒಂದು ಚೀಲ ಬಾದಾಮಿ ಹಣ್ಣು ಕೊಟ್ಟರು. ದಿನ ಮಾತ್ರ ಒಂದೇ.

"ಬುಧವಾರ ತಗೋ. ಬುಧವಾರ ನಾನು ಚಿಂತಾಮಣಿಗೆ ಹೋಗ್ತೀನಿ, ಆವತ್ತು ನಂಗೆ ನರ್ಸಮ್ಮ ಬೇಕಾಗಲ್ಲ" ಎಂದರು ಉದಾರವಾಗಿ. ಬೇಡವಾದ ದಿನವನ್ನು ದಾನ ಕೊಡುವ ಆ ಧಾಟಿ ನನಗೆ ಗುರುತಿತ್ತು. ಸಭೆಯಲ್ಲಿ ಶ್ರೀಮಂತ ದೇಶಗಳೆಲ್ಲ ಹಾಗೇ ಮಾತಾಡಿದ್ದವು. ನಾನು ಹಣ್ಣಿನ ಚೀಲ ಹೊತ್ತು ಬಸ್ಸು ಹತ್ತಿದೆ. ಹಣ್ಣು ಬಹಳ ಸಿಹಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ತಾತ ಮಾತಿಗೆ ತಪ್ಪಲಿಲ್ಲ. ಬುಧವಾರ ಬೆಳಿಗ್ಗೆ ನೇರಳೆ ಸ್ಕೂಟರ್ ನಮ್ಮೂರಿಗೆ ಬಂತು. ಅಷ್ಟು ದಿನ ಬಿಚ್ಚದ ಬೀಗ ತುಕ್ಕು ಹಿಡಿದು, ಅಪ್ಪನೇ ಹೋಗಿ ಕಲ್ಲಲ್ಲಿ ಕುಟ್ಟಿ ತೆಗೆಯಬೇಕಾಯಿತು. ನರ್ಸಮ್ಮ ಬಂದವರೇ ನನ್ನ ಮೇಲೆ ಹರಿಹಾಯ್ದರು.

"ನೀನೇನಾ ಟವೆಲ್ ಕೆಳಗೆ ನನ್ನ ವ್ಯಾಪಾರ ಮಾಡಿದ್ದು? ನಾನೇನು ಸೀಮೆಹಸುನಾ, ಆ ಕೊಟ್ಟಿಗೇಲಿ ಐದು ದಿನ ಈ ಕೊಟ್ಟಿಗೇಲಿ ಒಂದ್ ದಿನ ಕಟ್ಟೋಕೆ? ಅವ್ರೂ ಕೇಳಲಿಲ್ಲ, ನೀವೂ ಕೇಳಲಿಲ್ಲ!"

ಅವರು ಹೇಳಿದ್ದು ನಿಜ. ಇಡೀ ಜಗತ್ತನ್ನು ಕೂರಿಸಿಕೊಂಡು ಚರ್ಚೆ ಮಾಡಿದ್ದ ನಮಗೆ ನರ್ಸಮ್ಮನ ಹತ್ತಿರ ಒಂದು ಮಾತು ಕೇಳುವುದು ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು, ಆದರೂ ಬಾಯಿ ಸುಮ್ಮನಿರಲಿಲ್ಲ. "ಬೈಯೋದು ಆಮೇಲೆ ಬೈಯಿರಿ, ಮೊದಲು ನಮ್ಮಕ್ಕನ್ನ ನೋಡಿ" ಎಂದೆ.

ಮನೆಯೊಳಗೆ ಆವತ್ತು ಹುಳು ಚಂದ್ರಿಕೆಗೆ ಬಿಡುವ ಗಡಿಬಿಡಿ. ನರ್ಸಮ್ಮ ಬುತ್ತಿ ಚೀಲದಿಂದ ಯಂತ್ರ ತೆಗೆದು ಅಕ್ಕನ ತೋಳಿಗೆ ಪಟ್ಟಿ ಕಟ್ಟಿದರು. ಗಾಳಿ ಹಾಕಿ ನೋಡಿದರು. ಏನೂ ಹೇಳದೆ ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದರು. ಬೈಗುಳವೆಲ್ಲ ಅವರ ಮುಖದಿಂದ ಇಳಿದುಹೋಯಿತು. "ಕಣ್ ಮುಂದೆ ಮಿಂಚಿದಂಗೆ ಆಗ್ತದೇನಮ್ಮ?" ಎಂದು ಮೆತ್ತಗೆ ಕೇಳಿದರು. ಅಕ್ಕ ಅಮ್ಮನ ಮುಖ ನೋಡಿ, "ಮೂರ್ನಾಲ್ಕು ದಿನದಿಂದ" ಎಂದಳು.

ನರ್ಸಮ್ಮ ಎದ್ದು ನಿಂತು ಆಂಬುಲೆನ್ಸಿಗೆ ಫೋನ್ ಮಾಡಿದರು. ಅಮ್ಮ, "ಹುಳ ಒಂದು ಬಿಟ್ಬಿಟ್ಟು..." ಎಂದು ಬಾಯಿ ತೆರೆದಳು. ನಾನು ಅಮ್ಮನ ಮೇಲೆ ಯಾವತ್ತೂ ಹಾಗೆ ಕಿರುಚಿರಲಿಲ್ಲ. ಅಪ್ಪ ಕೈಯಲ್ಲಿದ್ದ ಹುಳುಗಳನ್ನು ಹಾಗೇ ತಟ್ಟೆಗೆ ಸುರಿದು, ಅಕ್ಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಬಂದರು. ಆ ಬೆಳೆಯ ಅರ್ಧ ಹುಳು ತಟ್ಟೆಯಲ್ಲೇ ಗೂಡು ಕಟ್ಟಿ ಹಾಳಾಯಿತು. ಅಪ್ಪ ಅದರ ಮಾತನ್ನು ಒಂದು ದಿನವೂ ಎತ್ತಲಿಲ್ಲ.

ಕೋಲಾರದ ದೊಡ್ಡಾಸ್ಪತ್ರೆಯವರೆಗೂ ನರ್ಸಮ್ಮ ಆಂಬುಲೆನ್ಸಿನಲ್ಲಿ ಅಕ್ಕನ ಪಕ್ಕವೇ ಕೂತಿದ್ದರು. ಹೋದ ಕೂಡಲೇ ಆಪರೇಷನ್ ಆಯಿತು. ಸಂಜೆಗೆ ಮೊದಲೇ ಹೆಣ್ಣು ಮಗು ಹುಟ್ಟಿತು. ತೂಕ ಕಡಿಮೆ ಎಂದು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು, ಪೆಟ್ಟಿಗೆಯ ಒಳಗಿನಿಂದಲೇ ಅದು ಎಲ್ಲರನ್ನೂ ಬೈಯುವ ಹಾಗೆ ಅಳುತ್ತಿತ್ತು. ಅಕ್ಕನಿಗೆ ಎಚ್ಚರವಾಯಿತು. ಡಾಕ್ಟರಮ್ಮ ಹೊರಗೆ ಬಂದು ಅಪ್ಪನಿಗೆ ಹೇಳಿದರು, "ಇವತ್ತು ಕರ್ಕೊಂಡು ಬಂದಿದ್ದಕ್ಕೆ ಇಬ್ರೂ ಉಳಿದ್ರು. ನಾಳೆ ನಾಡಿದ್ದು ಅಂದಿದ್ರೆ ಫಿಟ್ಸ್ ಬಂದು ಹೋಗಿಬಿಡೋಳು."

ಅಪ್ಪ ಗೋಡೆಗೆ ಒರಗಿಕೊಂಡು ಕೂತುಬಿಟ್ಟರು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ನನಗೆ ಅಳುವೂ ಬಂತು, ಅದರ ಹಿಂದೆಯೇ ಉರಿಯುವ ಸಿಟ್ಟೂ ಬಂತು. ಬುಧವಾರ! ಯಾರೋ ಚಿಂತಾಮಣಿಗೆ ಹೋಗುವ ದಿನ ಬುಧವಾರವಾಗಿದ್ದಕ್ಕೆ ನಮ್ಮಕ್ಕ ಬದುಕಿದಳು. ಅವರು ಶುಕ್ರವಾರ ಹೋಗುವವರಾಗಿದ್ದರೆ?

ಕಾರಿಡಾರಿನ ಬೆಂಚಿನ ಮೇಲೆ ನರ್ಸಮ್ಮ ಬುತ್ತಿ ಬಿಚ್ಚಿ ಕೂತಿದ್ದರು, ಬೆಳಗಿನ ಊಟ ಸಂಜೆಗೆ ಆಗುತ್ತಿತ್ತು. ನಾನು ಪಕ್ಕದಲ್ಲಿ ಕೂತು, ಮೊದಲೇ ಕೇಳಬೇಕಾಗಿದ್ದನ್ನು ಕೇಳಿದೆ. "ನಿಮಗೆ ಎಲ್ಲಿರೋಕೆ ಇಷ್ಟ?"

"ನಮ್ಮನೆ ಮುಳಬಾಗಿಲಲ್ಲೇ ಐತೆ ಕಣಮ್ಮ. ನಿಮ್ಮೂರೇ ನಂಗೆ ಹತ್ರ. ಆ ಅಜ್ಜನ್ನ ನೋಡಿದ್ರೂ ಪಾಪ ಅನಿಸ್ತದೆ. ಒಂದಿನ ಹೋಗಿ ನೋಡ್ಕೊಂಡ್ ಬಂದ್ರೆ ಸಾಕು ಅವರ್ಗೆ. ಅದನ್ನ ಯಾರಿಗೆ ಹೇಳ್ಲಿ?" ಎಂದು ತುತ್ತು ಬಾಯಿಗಿಟ್ಟರು.

ಆಗಲೇ ಗೆಳತಿಯ ಫೋನ್ ಬಂತು. ಎಲ್ಲ ಹೇಳಿದೆ. ಆ ಕಡೆ ಅವಳು ಅಳುತ್ತಿರುವುದು ಕೇಳಿಸಿತು. ಆಮೇಲೆ ಫೋನ್ ಕೈ ಬದಲಾಯಿತು.

"ತಲ್ಲೀ, ಅಕ್ಕ ಹೆಂಗವ್ಳೆ?" ತಾತನ ದನಿ.

"ಇಬ್ರೂ ಚೆನ್ನಾಗಿದ್ದಾರೆ ತಾತಾ."

ಅವರು ಆಗಲೇ ಚಿಂತಾಮಣಿಯಿಂದ ಮರಳಿದ್ದರು. ಹಿಂದೆ ಮಂಡಿಯ ಗದ್ದಲ, ಯಾರೋ ದರ ಕೂಗುತ್ತಿದ್ದರು. "ನೋಡಮ್ಮಾ, ಟವೆಲ್ ಎತ್ತಿದ್ ಮೇಲೆ ನಾನು ಮಾತು ಬದಲಾಯ್ಸಿದ್ದಿಲ್ಲ. ನಮ್ಮಪ್ಪನೂ ಬದಲಾಯ್ಸಿದ್ದಿಲ್ಲ. ಇವತ್ತು ಬದಲಾಯ್ಸ್ತೀನಿ. ಇನ್ನೊಂದಿನ ಕೊಡ್ತೀನಿ, ತಗೋ."

ಒಳ್ಳೆಯ ಮನುಷ್ಯ. ಹೂಂ ಎಂದುಬಿಡುವುದು ಸುಲಭವಿತ್ತು, ಥ್ಯಾಂಕ್ಸ್ ಕೂಡ ಬಾಯಿಯ ತುದಿಗೆ ಬಂದಿತ್ತು. ಗಾಜಿನ ಪೆಟ್ಟಿಗೆಯ ಕಡೆಯಿಂದ ಮಗುವಿನ ಅಳು ಕೇಳಿಸಿತು.

"ತಾತಾ," ಎಂದೆ, "ಆರೂ ದಿನ ನಮ್ಮವೇ. ನಿಮಗೆ ಬೇಕಾದ್ರೆ ಒಂದಿನ ನಾವು ಕೊಡ್ತೀವಿ. ಯಾವ ದಿನ ಬೇಕು ಹೇಳಿ."

ನರ್ಸಮ್ಮನ ತುತ್ತು ಅರ್ಧದಲ್ಲೇ ನಿಂತಿತು. ಫೋನಿನ ಆ ಕಡೆ ದರ ಕೂಗುವವನು ಕೂಗುತ್ತಲೇ ಇದ್ದ.

"ಸೋಮವಾರ ಆಗುತ್ತಾಮ್ಮಾ?" ಎಂದು ತಾತ ಕೇಳಿದರು.